ನಮ್ಮ ಮಾತಿನಲ್ಲಿ ಉಳಿದ ಹಳೆಯ ಇಂಗ್ಲಿಷ್ ಪದಗಳು ಮತ್ತು ಅವುಗಳ ನಾನಾರ್ಥ

ಬೆಂಗಳೂರಿನಿಂದ ಹೊಸೂರನ್ನು ದಾಟಿ ಕೃಷ್ಣಗಿರಿಯತ್ತ ಸಾಗುವ ಹೆದ್ದಾರಿಯಲ್ಲಿ, ಸೂಳಗಿರಿಯ ಬೆಟ್ಟ ಕಣ್ಣಿಗೆ ಬೀಳುವ ಕಡೆ, ಪಂಕ್ಚರ್ ಅಂಗಡಿಯ ಮುಂದೆ ಒಂದು ಕಾರು ನಿಂತಿದೆಯೆಂದು ಭಾವಿಸೋಣ. ಅಂಗಡಿಯವನು ಕೇಳುವ ಮೊದಲ ಪ್ರಶ್ನೆ ಇಷ್ಟೇ: "ಡಿಕ್ಕಿಯಲ್ಲಿ ಸ್ಟೆಪ್ನಿ ಇದೆಯಾ?" ಈ ವಾಕ್ಯದ ನಾಮಪದಗಳೆರಡೂ ಇಂಗ್ಲಿಷಿನವು. ವಿಭಕ್ತಿಪ್ರತ್ಯಯ, ಕ್ರಿಯಾಪದ, ಪ್ರಶ್ನಾರ್ಥಕ ಪ್ರತ್ಯಯಗಳು ಕನ್ನಡದವು. ಆದರೆ ಇಂದಿನ ಲಂಡನ್ನಿನ ತರುಣನೊಬ್ಬನಿಗೆ ಈ ಎರಡು 'ಇಂಗ್ಲಿಷ್' ಪದಗಳನ್ನು ಹೇಳಿದರೆ ನಾವು ಕೇಳುತ್ತಿರುವುದೇನೆಂದು ಅವನಿಗೆ ತಿಳಿಯುವ ಸಂಭವ ಕಡಿಮೆ. ಡಿಕ್ಕಿಯೆಂದು ನಾವು ಕರೆಯುವುದನ್ನು ಅವನು ಬೇರೆ ಹೆಸರಿನಿಂದ ಕರೆಯುತ್ತಾನೆ. ಸ್ಟೆಪ್ನಿ ಎಂದರೆ ಅವನಿಗೆ ತನ್ನ ನಗರದ ಒಂದು ಬಡಾವಣೆ ನೆನಪಾದೀತು. ಅವನ ನಾಡಿನಲ್ಲಿ ಬಳಕೆ ತಪ್ಪಿದ ಅರ್ಥಗಳು ನಮ್ಮ ರಸ್ತೆಬದಿಯಲ್ಲಿ ದಿನನಿತ್ಯ ಬದುಕುತ್ತಿವೆ.

ಒಂದು ಪದಕ್ಕೆ ಹಲವು ಅರ್ಥಗಳಿರುವುದು ಐಚ್ಛಿಕ ಕನ್ನಡದ ವಿದ್ಯಾರ್ಥಿಗಳಿಗೆ ಹೊಸ ವಿಷಯವಲ್ಲ. ಅಮರಕೋಶದ ನಾನಾರ್ಥವರ್ಗವನ್ನು, ದೇವೋತ್ತಮನ ನಾನಾರ್ಥರತ್ನಾಕರದ ಹೆಸರನ್ನು ನಾವು ಸಾಹಿತ್ಯಚರಿತ್ರೆಯಲ್ಲಿ ಓದಿದ್ದೇವೆ; ಶ್ಲೇಷಾಲಂಕಾರದ ಲಕ್ಷಣವನ್ನು ಪರೀಕ್ಷೆಗಾಗಿ ಕಂಠಪಾಠ ಮಾಡಿದ್ದೇವೆ. ಆದರೆ ನಾನಾರ್ಥವೆಂದರೆ ಪ್ರಾಚೀನ ಕಾವ್ಯಕ್ಕೆ ಮಾತ್ರ ಸಂಬಂಧಿಸಿದ್ದು, ನಾವಾಡುವ ಬೆರಕೆ ಮಾತಿಗೆ ಅದು ಅನ್ವಯಿಸದು ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಗಡಿನಾಡಿನ ವಿದ್ಯಾರ್ಥಿಗಳು ಪ್ರಬಂಧ ಬರೆಯಲು ಕುಳಿತಾಗ ಮೊದಲು ಹೊಡೆದುಹಾಕುವುದು ಮನೆಯಲ್ಲಿ ಆಡುವ ಇಂಥ ಪದಗಳನ್ನೇ. ತಮಿಳು, ತೆಲುಗು, ಉರ್ದು, ಇಂಗ್ಲಿಷುಗಳ ನಡುವೆ ಬೆಳೆದ ನಮ್ಮ ಕನ್ನಡ 'ಶುದ್ಧ'ವಲ್ಲವೆಂಬ ಸಂಕೋಚವೇ ಇದಕ್ಕೆ ಕಾರಣ. ಈ ಸಂಕೋಚ ಎಷ್ಟರಮಟ್ಟಿಗೆ ಸರಿಯೆಂಬುದನ್ನು ಕೆಲವು ಪದಗಳನ್ನು ಎತ್ತಿಕೊಂಡು ವಿಚಾರಿಸುವುದೇ ಈ ಲೇಖನದ ಉದ್ದೇಶ.

ಎರಡು ಬಗೆಯ ನಾನಾರ್ಥ

ಮೊದಲಿಗೆ ಒಂದು ಭೇದವನ್ನು ಸ್ಪಷ್ಟಪಡಿಸಿಕೊಳ್ಳಬೇಕು. 'ಕಣ್ಣು' ಎಂಬ ಪದವನ್ನು ನೋಡಿ. ಮುಖದ ಕಣ್ಣು, ತೆಂಗಿನಕಾಯಿಯ ಕಣ್ಣು, ಕಬ್ಬಿನ ಗೆಣ್ಣಿನ ಕಣ್ಣು ಎಲ್ಲವೂ ಒಂದೇ ಪದದ ಅರ್ಥಗಳು. ಮೂಲಾರ್ಥದಿಂದ ಸಾದೃಶ್ಯದ ಮೂಲಕ ಉಳಿದವು ಕವಲೊಡೆದಿವೆ. 'ಅರಿ' ಎಂಬುದರ ಸ್ಥಿತಿ ಬೇರೆ. ತಿಳಿ ಎಂಬರ್ಥದ ಅರಿ ಕನ್ನಡದ ಧಾತು. ಶತ್ರು ಎಂಬರ್ಥದ ಅರಿ ಸಂಸ್ಕೃತದಿಂದ ಬಂದದ್ದು. ಎರಡಕ್ಕೂ ಹುಟ್ಟಿನ ಸಂಬಂಧವಿಲ್ಲ, ಉಚ್ಚಾರಣೆಯೊಂದೇ ಸಮಾನ. ಮೊದಲನೆಯದನ್ನು ಏಕಮೂಲದ ನಾನಾರ್ಥವೆಂದೂ ಎರಡನೆಯದನ್ನು ಭಿನ್ನಮೂಲದ ಸಮರೂಪವೆಂದೂ ಕರೆಯೋಣ. ನಿಘಂಟುಕಾರರು ಮೊದಲನೆಯದಕ್ಕೆ ಒಂದೇ ಉಲ್ಲೇಖದಡಿ ಹಲವು ಅರ್ಥಗಳನ್ನು ಕೊಡುತ್ತಾರೆ. ಎರಡನೆಯದಕ್ಕೆ ಬೇರೆ ಬೇರೆ ಉಲ್ಲೇಖಗಳನ್ನೇ ಕೊಡುತ್ತಾರೆ.

ಈಗ ಡಿಕ್ಕಿಗೆ ಮರಳೋಣ. ಇಂಗ್ಲಿಷಿನಲ್ಲಿ ಡಿಕಿ ಎಂಬುದು ಆಡುಮಾತಿನ ಹಳೆಯ ಪದ. ಅದರ ಅರ್ಥಗಳು ಒಂದೆರಡಲ್ಲ. ಕತ್ತೆಗೆ ಆ ಹೆಸರಿತ್ತು. ಮಕ್ಕಳ ಮಾತಿನಲ್ಲಿ ಪುಟ್ಟ ಹಕ್ಕಿಗೂ ಅದೇ ಹೆಸರು. ಪೂರ್ಣ ಅಂಗಿಯ ಬದಲಿಗೆ ಎದೆಯ ಭಾಗವನ್ನಷ್ಟೇ ಮುಚ್ಚುವ ಹುಸಿ ಅಂಗಿಗೂ ಡಿಕಿ ಎನ್ನುತ್ತಿದ್ದರು. ಗುಣವಾಚಕವಾಗಿ ಬಳಸಿದಾಗ 'ದುರ್ಬಲ, ನೆಚ್ಚಲಾಗದ' ಎಂಬ ಅರ್ಥ ಬರುತ್ತಿತ್ತು. ಹೃದಯದ ಬೇನೆಯಿರುವವನನ್ನು ಕುರಿತು ಈ ಮಾತನ್ನು ಆಡುತ್ತಿದ್ದರು. ಇವುಗಳ ಜೊತೆಗೆ, ಕುದುರೆಗಾಡಿಯಲ್ಲಿ ಸಾರಥಿಯೋ ಹಿಂಬದಿಯಲ್ಲಿ ಸೇವಕರೋ ಕೂರುವ ಹೊರಗಿನ ಪೀಠಕ್ಕೂ ಅದೇ ಹೆಸರು. ಮೋಟಾರು ಬಂದ ಮೇಲೆ ಇಬ್ಬರು ಕೂರುವ ಕಾರಿನ ಹಿಂಭಾಗದಲ್ಲಿ ಮಡಚಿಡುವ ಹೆಚ್ಚುವರಿ ಪೀಠ ಡಿಕಿಯಾಯಿತು. ಆ ಪೀಠ ಕಾಲಕ್ರಮದಲ್ಲಿ ಮರೆಯಾಯಿತು. ಅದಿದ್ದ ಜಾಗದಲ್ಲಿ ಸಾಮಾನು ತುಂಬುವ ಪೆಟ್ಟಿಗೆ ಬಂತು. ಇಂಗ್ಲೆಂಡಿನಲ್ಲಿ ಪೀಠದೊಡನೆ ಪದದ ಈ ಅರ್ಥವೂ ಹೋಯಿತು. ನಮ್ಮಲ್ಲಿ ಪೀಠ ಹೋದರೂ ಹೆಸರು ಜಾಗಕ್ಕೆ ಅಂಟಿಕೊಂಡಿತು. ಕನ್ನಡಕ್ಕೆ ಬಂದ ಡಿಕ್ಕಿಗೆ ಇಲ್ಲಿ ಮೊದಲೇ ಇದ್ದ, ಹಾಯುವಿಕೆ ಎಂಬರ್ಥದ ಇನ್ನೊಂದು ಡಿಕ್ಕಿ ಎದುರಾಯಿತು. ಹೀಗಾಗಿ "ಲಾರಿ ಡಿಕ್ಕಿ ಹೊಡೆದು ಡಿಕ್ಕಿ ಜಜ್ಜಿಹೋಯಿತು" ಎಂಬ ವಾಕ್ಯ ನಮ್ಮಲ್ಲಿ ಸಾಧ್ಯ. ಇದು ಭಿನ್ನಮೂಲದ ಸಮರೂಪ.

ಸ್ಟೆಪ್ನಿಯ ಚರಿತ್ರೆ ಇನ್ನೊಂದು ಬಗೆಯದು. ಆರಂಭದ ಮೋಟಾರು ಕಾರುಗಳಿಗೆ ಬದಲಿ ಚಕ್ರವಿರಲಿಲ್ಲ. 20ನೆಯ ಶತಮಾನದ ಮೊದಲ ದಶಕದಲ್ಲಿ ವೇಲ್ಸ್ ಸೀಮೆಯ ಲನೆಥ್ಲಿ ಎಂಬ ಊರಿನ ಡೇವಿಸ್ ಸೋದರರು, ಪಂಕ್ಚರಾದ ಚಕ್ರದ ಪಕ್ಕಕ್ಕೆ ಬಿಗಿದು ಕಟ್ಟಬಹುದಾದ ಅರೆಕಾಲುಗಳಿಲ್ಲದ ಒಂದು ಬದಲಿ ಚಕ್ರವನ್ನು ತಯಾರಿಸಿದರು. ಅವರ ಅಂಗಡಿ ಇದ್ದ ಬೀದಿಯ ಹೆಸರು ಸ್ಟೆಪ್ನಿ; ಚಕ್ರಕ್ಕೂ ಅದೇ ಹೆಸರಾಯಿತು. ವ್ಯಾಪಾರನಾಮ ಸಾಮಾನ್ಯನಾಮವಾಗಿ ಬದಲಾದುದಕ್ಕೆ ಇದು ಒಳ್ಳೆಯ ನಿದರ್ಶನ. ಅಂದರೆ ಅಂಕಿತನಾಮ ರೂಢನಾಮವಾಯಿತು. ಬ್ರೆಜಿಲಿನ ಪೋರ್ಚುಗೀಸ್ ಭಾಷಿಕರು ಇಂದಿಗೂ ಬದಲಿ ಚಕ್ರವನ್ನು 'ಎಸ್ತೆಪಿ' ಎನ್ನುತ್ತಾರೆ. ನಾವು ಸ್ಟೆಪ್ನಿ ಎನ್ನುತ್ತೇವೆ. ಹುಟ್ಟೂರಿನಲ್ಲಿ ಮಾತ್ರ ಅದು ಚರಿತ್ರೆಯ ವಿಷಯ. ನಮ್ಮಲ್ಲಿ ಅದರ ಅರ್ಥ ಇನ್ನಷ್ಟು ಹಬ್ಬಿದೆ. ಆಟದ ತಂಡದಲ್ಲಿ ಕಾದು ಕುಳಿತಿರುವ ಹೆಚ್ಚುವರಿ ಆಟಗಾರನನ್ನೋ, ಬೇರೊಬ್ಬರ ಬದಲಿಗೆ ಕೆಲಸಕ್ಕೆ ಬಂದವನನ್ನೋ ತಮಾಷೆಗೆ 'ಸ್ಟೆಪ್ನಿ' ಎಂದು ಕರೆಯುವುದುಂಟು. ಇದು ಏಕಮೂಲದ ನಾನಾರ್ಥ.

ಊಟ, ತಿಂಡಿ, ವಸತಿ

'ಟಿಫಿನ್' ಎಂಬ ಪದ ನಮಗೆ ಎಷ್ಟು ಹತ್ತಿರದ್ದೆಂದರೆ ಅದು ಇಂಗ್ಲಿಷೆಂಬುದೇ ಹಲವರಿಗೆ ಹೊಳೆಯುವುದಿಲ್ಲ. 1785ರಲ್ಲಿ ಫ್ರಾನ್ಸಿಸ್ ಗ್ರೋಸ್ ಎಂಬಾತ ಲಂಡನ್ನಿನ ಬೀದಿಮಾತಿನ ನಿಘಂಟೊಂದನ್ನು ಪ್ರಕಟಿಸಿದ. ಅದರಲ್ಲಿ 'ಟಿಫಿಂಗ್' ಎಂಬ ಪದಕ್ಕೆ ಎರಡು ಅರ್ಥಗಳಿವೆ: ಊಟದ ಹೊತ್ತಲ್ಲದ ಹೊತ್ತಿನಲ್ಲಿ ತಿನ್ನುವುದು ಅಥವಾ ಕುಡಿಯುವುದು ಒಂದು, ಜಗಳವಾಡುವುದು ಇನ್ನೊಂದು. ಜಗಳದ ಅರ್ಥ ಇಂಗ್ಲಿಷಿನಲ್ಲಿ 'ಟಿಫ್' ಎಂಬ ಚಿಕ್ಕ ಪದವಾಗಿ ಉಳಿಯಿತು. ತಿನ್ನುವ ಅರ್ಥ ಹಡಗು ಹತ್ತಿ ಭಾರತಕ್ಕೆ ಬಂತು. ಇಲ್ಲಿನ ಇಂಗ್ಲಿಷರು ಮಧ್ಯಾಹ್ನದ ಲಘು ಊಟವನ್ನು ಟಿಫಿನ್ ಎಂದರು. 1886ರಲ್ಲಿ ಹೆನ್ರಿ ಯೂಲ್ ಮತ್ತು ಆರ್ಥರ್ ಬರ್ನೆಲ್ ಅವರ 'ಹಾಬ್ಸನ್-ಜಾಬ್ಸನ್' ಎಂಬ ಆಂಗ್ಲೋ-ಇಂಡಿಯನ್ ಪದಕೋಶ ಪ್ರಕಟವಾದಾಗ ಈ ಪದದ ಮೂಲವನ್ನು ಕುರಿತು ಅವರು ಸಾಕಷ್ಟು ಚರ್ಚಿಸಿ ಗ್ರೋಸನ ಟಿಫಿಂಗನ್ನೇ ಆಶ್ರಯಿಸಿದರು.

ದಕ್ಷಿಣ ಭಾರತದ ಭಾಷೆಗಳಿಗೆ ಬಂದ ಮೇಲೆ ಟಿಫಿನ್ ಮತ್ತೆ ತಿರುಗಿತು. ಅನ್ನದ ಊಟವಲ್ಲದ ಇಡ್ಲಿ, ದೋಸೆ, ಉಪ್ಪಿಟ್ಟುಗಳೆಲ್ಲ ಟಿಫಿನ್. ಹೊತ್ತು ಬೆಳಿಗ್ಗೆಯಾಗಲಿ ಸಂಜೆಯಾಗಲಿ. 1924ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಮಾವಳ್ಳಿ ಟಿಫಿನ್ ರೂಮ್ಸ್ ಎಂಬ ಹೆಸರಿನಲ್ಲಿ ಇರುವುದು ಈ ಅರ್ಥ. ಅಲ್ಲಿಂದ ಮುಂದೆ, ತಿಂಡಿಯನ್ನು ತುಂಬುವ ಪಾತ್ರೆಗೂ ಅದೇ ಹೆಸರಾಯಿತು. "ಟಿಫಿನ್ ತೊಳೆದಿಡು" ಎಂದು ತಾಯಿ ಹೇಳಿದಾಗ ಯಾರೂ ಇಡ್ಲಿಯನ್ನು ತೊಳೆಯುವುದಿಲ್ಲ. ಅಲಂಕಾರಶಾಸ್ತ್ರದಲ್ಲಿ ಲಕ್ಷಣೆಯೆಂದು ನಾವು ಓದುವ ಶಬ್ದಶಕ್ತಿ ಇಲ್ಲಿ ಅಡುಗೆಮನೆಯಲ್ಲೇ ಕೆಲಸ ಮಾಡುತ್ತಿದೆ: ಆಧೇಯದ ಹೆಸರು ಆಧಾರಕ್ಕೆ ಬಂದಿದೆ.

'ಹೋಟೆಲ್' ಎಂಬುದೂ ಹೀಗೆಯೇ. ಇಂಗ್ಲಿಷಿನಲ್ಲಿ ಅದು ತಂಗುವ ಸ್ಥಳ; ನಮ್ಮಲ್ಲಿ ಮುಖ್ಯವಾಗಿ ತಿನ್ನುವ ಸ್ಥಳ. 'ಮಿಲಿಟರಿ ಹೋಟೆಲ್' ಎಂಬ ಫಲಕವನ್ನು ಓದಿದ ಪರದೇಶದವನು ಸೈನಿಕರ ವಸತಿಗೃಹವೆಂದು ಭಾವಿಸಿದರೆ ತಪ್ಪಿಲ್ಲ. ನಮಗೆ ಅದು ಮಾಂಸದೂಟದ ಮನೆ. ಇನ್ನೊಂದು ವಿಷಯ ಗಮನಾರ್ಹ. ಹೋಟೆಲ್, ಹಾಸ್ಟೆಲ್ ಹಾಗೂ ಆಸ್ಪತ್ರೆಯ ಮೂಲವಾದ ಹಾಸ್ಪಿಟಲ್ ಈ ಮೂರೂ ಅತಿಥಿಸತ್ಕಾರಕ್ಕೆ ಸಂಬಂಧಿಸಿದ ಒಂದೇ ಲ್ಯಾಟಿನ್ ಪದದಿಂದ ಹುಟ್ಟಿದವು. ನಮ್ಮ ವಿದ್ಯಾರ್ಥಿ ಹಾಸ್ಟೆಲಿನಲ್ಲಿದ್ದು, ಹೋಟೆಲಿನಲ್ಲಿ ತಿಂದು, ಹೊಟ್ಟೆ ಕೆಟ್ಟು ಆಸ್ಪತ್ರೆಗೆ ಹೋದರೆ ಆತ ಒಂದೇ ಪದದ ಮೂರು ಮನೆಗಳನ್ನು ಸುತ್ತಿ ಬಂದಂತಾಯಿತು. ಒಂದು ಪದಕ್ಕೆ ಹಲವು ಅರ್ಥ ಬರುವಂತೆ, ಒಂದು ಪದವೇ ಹಲವಾಗಿ ಒಡೆದು ಅರ್ಥಗಳನ್ನು ಹಂಚಿಕೊಳ್ಳುವುದೂ ಉಂಟೆಂಬುದಕ್ಕೆ ಇದು ಸಾಕ್ಷಿ.

ಹೊಲ, ತೂಕ, ಚಿನ್ನ

ತರಕಾರಿ, ಕೊತ್ತಂಬರಿ, ಪುದೀನಗಳನ್ನು ಬೆಳೆಯುವ ಸೂಳಗಿರಿ ಸೀಮೆಯಲ್ಲಿ 'ಬೋರು' ಎಂದರೆ ಮೊದಲು ನೆನಪಾಗುವುದು ಕೊಳವೆಬಾವಿ. "ಬೋರು ಹಾಕಿಸಿದೆ, ನೀರು ಬೀಳಲಿಲ್ಲ" ಎಂಬ ಮಾತಿನ ಹಿಂದೆ ಒಂದು ಕುಟುಂಬದ ಸಾಲವೂ ಇದ್ದೀತು. ಅದೇ ಮನೆಯ ಮಗ "ಪಾಠ ಬೋರು ಹೊಡೆಯಿತು" ಎಂದಾಗ ಬೋರು ಬೇಸರವಾಗುತ್ತದೆ. ಇಂಗ್ಲಿಷಿನಲ್ಲಿಯೂ ಇವೆರಡು ಅರ್ಥಗಳಿವೆ. ಕೊರೆಯುವುದೆಂಬ ಅರ್ಥ ಹಳೆಯ ಇಂಗ್ಲಿಷಿನಷ್ಟು ಪ್ರಾಚೀನ. ಬೇಸರವೆಂಬ ಅರ್ಥ 18ನೆಯ ಶತಮಾನದಲ್ಲಿ ಆಡುಮಾತಾಗಿ ಕಾಣಿಸಿಕೊಂಡದ್ದು. ಎರಡಕ್ಕೂ ಸಂಬಂಧವುಂಟೇ ಎಂಬ ಬಗ್ಗೆ ಇಂಗ್ಲಿಷ್ ನಿಘಂಟುಕಾರರು ಖಚಿತ ಮಾತು ಹೇಳುವುದಿಲ್ಲ. ಆದರೆ ಕನ್ನಡದ 'ಕೊರೆ' ಧಾತುವನ್ನು ನೋಡಿ: ಬಾವಿ ಕೊರೆಯುತ್ತಾರೆ, ಮಾತಿನಿಂದ ತಲೆಯನ್ನೂ ಕೊರೆಯುತ್ತಾರೆ. "ಅವನ ಕೊರೆತ ಸಾಕಾಯಿತು" ಎಂಬಲ್ಲಿ ಭೂಮಿಯ ಪ್ರಸ್ತಾಪವಿಲ್ಲ. ಇಂಗ್ಲಿಷಿನಲ್ಲಿ ಮಸುಕಾಗಿರುವ ರೂಪಕ ಕನ್ನಡದಲ್ಲಿ ನಿಚ್ಚಳವಾಗಿದೆ. ಬೋರು ಎಂಬ ಪದ ತನ್ನ ಎರಡೂ ಅರ್ಥಗಳೊಡನೆ ನಮ್ಮಲ್ಲಿ ಸುಲಭವಾಗಿ ನೆಲೆಸಲು ಕೊರೆ ಎಂಬ ಈ ನೆರೆಯ ಪದವೂ ನೆರವಾಗಿರಬಹುದು.

'ಪೌಂಡು' ಇನ್ನೂ ಜಟಿಲವಾದದ್ದು. ಅದು ತೂಕದ ಅಳತೆ, ಸುಮಾರು 453 ಗ್ರಾಂ. ಅದು ಬ್ರಿಟನ್ನಿನ ನಾಣ್ಯ. ಹೊಲಕ್ಕೆ ನುಗ್ಗಿದ ದನಗಳನ್ನು ಕೂಡಿಹಾಕುವ ದೊಡ್ಡಿಯೂ ಪೌಂಡೇ. 1871ರ ಜಾನುವಾರು ಅತಿಕ್ರಮಣ ಕಾಯಿದೆಯ ಮೂಲಕ ಈ ಅರ್ಥ ಹಳ್ಳಿಹಳ್ಳಿಗೂ ಪರಿಚಿತವಾಯಿತು. ತೂಕ ಮತ್ತು ನಾಣ್ಯಗಳ ಪೌಂಡು ಒಂದೇ ಮೂಲದ್ದು: ಒಂದು ಪೌಂಡು ತೂಕದ ಬೆಳ್ಳಿಯ ಬೆಲೆಯೇ ಮೊದಲು ಹಣದ ಪೌಂಡಾಗಿತ್ತು. ದನದ ಪೌಂಡು ಹಳೆಯ ಇಂಗ್ಲಿಷಿನ ಬೇರೊಂದು ಪದ. ಹೀಗೆ ಒಂದೇ ರೂಪದಲ್ಲಿ ಏಕಮೂಲದ ನಾನಾರ್ಥವೂ ಭಿನ್ನಮೂಲದ ಸಮರೂಪವೂ ಕೂಡಿಕೊಂಡಿವೆ. ಅಷ್ಟಕ್ಕೇ ಮುಗಿಯಲಿಲ್ಲ. ಪೌಂಡಿನ ಬೆಲೆಯ ಚಿನ್ನದ ನಾಣ್ಯವನ್ನು ದಕ್ಷಿಣದ ಜನ 'ಪವನ್' ಎಂದರು. ಆ ನಾಣ್ಯದ ತೂಕ ಸುಮಾರು 8 ಗ್ರಾಂ. ಇಂದು ತಮಿಳುನಾಡಿನಲ್ಲೂ ನಮ್ಮ ಗಡಿಭಾಗದಲ್ಲೂ ಮದುವೆಯ ಮಾತುಕತೆಯಲ್ಲಿ "ಎಷ್ಟು ಪವನ್?" ಎಂದು ಕೇಳುವಾಗ ನಾಣ್ಯದ ನೆನಪು ಯಾರಿಗೂ ಇಲ್ಲ, ಅದು 8 ಗ್ರಾಂ ಚಿನ್ನದ ಅಳತೆ ಮಾತ್ರ. ತೂಕದಿಂದ ಹಣ, ಹಣದಿಂದ ನಾಣ್ಯ, ನಾಣ್ಯದಿಂದ ಮತ್ತೆ ತೂಕ: ಪದ ಒಂದು ಸುತ್ತು ಹಾಕಿ ಹೊರಟಲ್ಲಿಗೇ ಬಂದಿದೆ. ಆದರೆ 453 ಗ್ರಾಂ ಈಗ 8 ಗ್ರಾಮಿಗೆ ಇಳಿದಿದೆ.

'ಕ್ರಾಸ್' ಎಂಬುದು ಹೆದ್ದಾರಿಯಲ್ಲಿ ಊರಿನ ದಾರಿ ಒಡೆಯುವ ಸ್ಥಳ, ಬೆಂಗಳೂರಿನಲ್ಲಿ ಅಡ್ಡರಸ್ತೆ, ಚರ್ಚಿನ ಮೇಲೆ ಶಿಲುಬೆ, ಕೊಟ್ಟಿಗೆಯಲ್ಲಿ ಮಿಶ್ರತಳಿಯ ಹಸು. ಕಂಪನಿಯ ಕಾಲದಲ್ಲೇ ಆರಂಭವಾದ ಮತ್ತಿಗಿರಿಯ ಜಾನುವಾರು ಕ್ಷೇತ್ರದ ನೆರೆಯಲ್ಲಿರುವ ನಮಗೆ ಈ ಕೊನೆಯ ಅರ್ಥ ವಿವರಣೆ ಬೇಡದಷ್ಟು ಪರಿಚಿತ. ಇಂಗ್ಲಿಷಿನ ಹಳೆಯ ಮಕ್ಕಳ ಕತೆಗಳಲ್ಲಿ ಇದೇ ಪದ 'ಸಿಡುಕಿನ' ಎಂಬರ್ಥದಲ್ಲಿ ಬರುತ್ತದೆ. ಆ ಅರ್ಥ ಮಾತ್ರ ನಮ್ಮಲ್ಲಿಗೆ ಬರಲಿಲ್ಲ. ಭಾಷಾಂತರ ಮಾಡುವವರು ಎಡವುವುದು ಇಂಥಲ್ಲೇ: ನಮಗೆ ಗೊತ್ತಿರುವ ಪದವೆಂಬ ಧೈರ್ಯದಿಂದ ನಿಘಂಟನ್ನು ತೆರೆಯದೆ ಮುಂದೆ ಹೋಗುತ್ತೇವೆ.

ಕುಂಪಣಿಯಿಂದ ಕಂಪನಿಯವರೆಗೆ

ಈ ಸೀಮೆಯ ಚರಿತ್ರೆಯನ್ನೇ ಒಳಗೊಂಡ ಪದವೊಂದಿದೆ, ಅದು 'ಕಂಪನಿ'. ಅದರ ಲ್ಯಾಟಿನ್ ಮೂಲದಲ್ಲಿ 'ಜೊತೆ' ಮತ್ತು 'ರೊಟ್ಟಿ' ಎಂಬ ಎರಡು ಪದಗಳಿವೆ. ಒಟ್ಟಿಗೆ ರೊಟ್ಟಿ ತಿನ್ನುವವರು ಎಂಬುದು ಅದರ ಹುಟ್ಟಿನ ಅರ್ಥ. ಒಡನಾಟ, ಸೈನ್ಯದ ತುಕಡಿ, ವ್ಯಾಪಾರಿಗಳ ಕೂಟ ಎಂಬ ಅರ್ಥಗಳು ಅನಂತರ ಬಂದವು. 1600ರಲ್ಲಿ ಸನ್ನದು ಪಡೆದ ಈಸ್ಟ್ ಇಂಡಿಯಾ ಕಂಪನಿ 1792ರ ಶ್ರೀರಂಗಪಟ್ಟಣದ ಒಪ್ಪಂದದ ಮೂಲಕ ಬಾರಾಮಹಲನ್ನು ಪಡೆಯಿತು. 1799ರಲ್ಲಿ ಟಿಪ್ಪು ಮಡಿದ ಬಳಿಕ ಹೊಸೂರಿನ ಕಡೆಯ ಸೀಮೆಯೂ ಅದರ ವಶವಾಯಿತು. ಅಲೆಕ್ಸಾಂಡರ್ ರೀಡ್ ಮತ್ತು ಅವನ ಸಹಾಯಕನಾಗಿದ್ದ ಥಾಮಸ್ ಮನ್ರೋ ಬಾರಾಮಹಲಿನಲ್ಲಿ ಭೂಕಂದಾಯದ ವ್ಯವಸ್ಥೆಯನ್ನು ರೂಪಿಸಿದರು. ಅಂದಿನ ಜನರ ಬಾಯಲ್ಲಿ ಕಂಪನಿ 'ಕುಂಪಣಿ'ಯಾಯಿತು. ಕುಂಪಣಿಯೆಂದರೆ ಸರ್ಕಾರ, ಕಂದಾಯ ಕೇಳುವ, ದಂಡು ಕಳುಹಿಸುವ ಅಧಿಕಾರ.

1858ರಲ್ಲಿ ಕಂಪನಿಯ ಆಳ್ವಿಕೆ ಕೊನೆಗೊಂಡಿತು. 'ಕುಂಪಣಿ' ಎಂಬ ರೂಪ ಆ ಅರ್ಥದೊಡನೆ ಚರಿತ್ರೆಯ ಪುಟಗಳಲ್ಲಿ ನಿಂತುಹೋಯಿತು. 'ಕಂಪನಿ' ಎಂಬ ರೂಪ ಬೇರೆ ಅರ್ಥಗಳನ್ನು ಹೊತ್ತು ಮುಂದೆ ನಡೆಯಿತು: ನಾಟಕ ಕಂಪನಿ ಬಂತು, ಬಸ್ಸಿನ ಕಂಪನಿ ಬಂತು. 1970 ಹಾಗೂ 1980ರ ದಶಕಗಳಲ್ಲಿ ಹೊಸೂರಿನಲ್ಲಿ ಸಿಪ್ಕಾಟ್ ಕೈಗಾರಿಕಾ ಪ್ರದೇಶ, ಅಶೋಕ್ ಲೇಲ್ಯಾಂಡ್, ಟಿವಿಎಸ್, ಟೈಟಾನ್ ಕಾರ್ಖಾನೆಗಳು ತಲೆಯೆತ್ತಿದ ಮೇಲೆ ಈ ಸೀಮೆಯಲ್ಲಿ ಕಂಪನಿಯೆಂದರೆ ಕಾರ್ಖಾನೆಯೇ ಆಯಿತು. "ಮಗ ಕಂಪನಿಗೆ ಹೋಗುತ್ತಾನೆ" ಎಂದರೆ ಸಾಕು, ಉಳಿದದ್ದು ಎಲ್ಲರಿಗೂ ತಿಳಿಯುತ್ತದೆ. ಮುತ್ತಜ್ಜನ ಹೊಲದ ಕಂದಾಯ ಕೇಳಿದ ಕುಂಪಣಿಯೂ ಮೊಮ್ಮಗನಿಗೆ ಸಂಬಳ ಕೊಡುವ ಕಂಪನಿಯೂ ಒಂದೇ ಪದದ ಎರಡು ರೂಪಗಳು. ತತ್ಸಮ-ತದ್ಭವಗಳಿಗೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇಕಿಲ್ಲ.

ಕಂಪನಿಯ ಕಾಲದ ಇನ್ನೂ ಮೂರು ಪದಗಳು ಹೀಗೆಯೇ ಎಚ್ಚರಿಕೆಯನ್ನು ಬೇಡುತ್ತವೆ. 17ನೆಯ ಶತಮಾನದಲ್ಲಿ ಕಾರವಾರದಲ್ಲಿ ಇಂಗ್ಲಿಷ್ ವರ್ತಕರ 'ಫ್ಯಾಕ್ಟರಿ' ಇತ್ತೆಂದು ಚರಿತ್ರೆಯ ಪುಸ್ತಕ ಹೇಳಿದರೆ, ಹೊಗೆ ಕಾರುವ ಚಿಮಣಿಯನ್ನು ಕಲ್ಪಿಸಿಕೊಳ್ಳಬಾರದು. ವ್ಯಾಪಾರದ ಪ್ರತಿನಿಧಿಗೆ ಅಂದು 'ಫ್ಯಾಕ್ಟರ್' ಎಂಬ ಹೆಸರಿತ್ತು. ಅವನಿದ್ದು ಸರಕು ಕೂಡಿಡುವ ಕೋಠಿಯೇ ಫ್ಯಾಕ್ಟರಿ. ಅಲ್ಲಿ ಮೆಣಸನ್ನೂ ಬಟ್ಟೆಯನ್ನೂ ಕೊಂಡು ಕೂಡಿಡುತ್ತಿದ್ದರು, ಯಂತ್ರದಿಂದ ತಯಾರಿಸುತ್ತಿರಲಿಲ್ಲ. 'ರೈಟರ್' ಎಂದರೆ ಕಂಪನಿಯ ಸೇವೆಯಲ್ಲಿ ಅತ್ಯಂತ ಕೆಳಗಿನ ದರ್ಜೆಯ ಗುಮಾಸ್ತ. ಕಲ್ಕತ್ತೆಯ ರೈಟರ್ಸ್ ಬಿಲ್ಡಿಂಗ್ ಕಟ್ಟಿದ್ದು ಕವಿಗಳಿಗಾಗಿ ಅಲ್ಲ. ಇಂಗ್ಲಿಷಿನಲ್ಲಿ ಆ ಅರ್ಥ ಹಳತಾದರೂ ನಮ್ಮ ಪೊಲೀಸ್ ಠಾಣೆಗಳಲ್ಲಿ, ಕೊಡಗು ಚಿಕ್ಕಮಗಳೂರುಗಳ ಕಾಫಿ ತೋಟಗಳಲ್ಲಿ ರೈಟರ್ ಇಂದಿಗೂ ಲೆಕ್ಕ ಬರೆಯುವವನೇ. 'ಸ್ಟೇಷನ್' ಎಂಬುದು ರೈಲು ಬರುವ ಮೊದಲೇ ಭಾರತಕ್ಕೆ ಬಂದ ಪದ. ಅಧಿಕಾರಿಗಳೂ ದಂಡೂ ನೆಲೆಸಿದ ಊರಿಗೆ ಆ ಹೆಸರು. "ಸಾಹೇಬರು ಔಟ್ ಆಫ್ ಸ್ಟೇಷನ್" ಎಂದು ಕಚೇರಿಯಲ್ಲಿ ಹೇಳುವಾಗ ಈ ಹಳೆಯ ಅರ್ಥವೇ ಮಾತಾಡುತ್ತಿರುತ್ತದೆ. ರೈಲಿಗೂ ಅದಕ್ಕೂ ಸಂಬಂಧವಿಲ್ಲ.

ದಂಡಿನ ಮಾತಿನಿಂದ ಬಂದ 'ಪಟಾಲಂ' ಎಂಬುದನ್ನೂ ಇಲ್ಲಿ ಸ್ಮರಿಸಬೇಕು. ಬೆಟಾಲಿಯನ್ ಎಂಬ ಐರೋಪ್ಯ ಪದದ ಈ ರೂಪದ ಕೊನೆಯ ಅನುಸ್ವಾರ ತಮಿಳಿನ 'ಪಟ್ಟಾಳಂ' ಎಂಬ ರೂಪವನ್ನು ನೆನಪಿಸುತ್ತದೆ. ತಮಿಳಿನಲ್ಲಿ ಅದು ಇಂದಿಗೂ ಗೌರವದ ಪದ, ಸೈನ್ಯವೆಂದೇ ಅರ್ಥ. ಕನ್ನಡದಲ್ಲಿ "ಅವನೂ ಅವನ ಪಟಾಲಮ್ಮೂ ಬಂದರು" ಎಂದರೆ ಹಿಂಬಾಲಕರ ಗುಂಪು, ಮಾತಿನಲ್ಲಿ ತಾತ್ಸಾರವಿದೆ. ಒಂದೇ ಪದ ಗಡಿಯ ಒಂದು ಕಡೆ ಮೇಲೆ ಉಳಿದು, ಇನ್ನೊಂದು ಕಡೆ ಕೆಳಗಿಳಿದಿದೆ. ಎರಡೂ ಭಾಷೆಗಳನ್ನು ಆಡುವ ನಮ್ಮ ವಿದ್ಯಾರ್ಥಿಗಳಿಗೆ ಈ ಅರ್ಥಾಪಕರ್ಷ ಪುಸ್ತಕದ ಪಾಠವಲ್ಲ, ದಿನದ ಅನುಭವ.

ಅರ್ಥವನ್ನು ಆರಿಸುವುದು ಯಾವುದು?

ಇಷ್ಟು ಅರ್ಥಗಳ ನಡುವೆ ಕೇಳುಗನಿಗೆ ಗೊಂದಲವಾಗುವುದಿಲ್ಲವೇಕೆ? ಸಂದರ್ಭದಿಂದ ತಿಳಿಯುತ್ತದೆ ಎಂಬುದು ಸಾಮಾನ್ಯ ಉತ್ತರ. ಅದು ಸರಿಯಾದರೂ ಸಾಲದು. ಮೇಲಿನ ಉದಾಹರಣೆಗಳನ್ನು ಮತ್ತೆ ಗಮನಿಸಿದರೆ, ಅರ್ಥವನ್ನು ನಿರ್ಣಯಿಸುತ್ತಿರುವುದು ಬಹುಮಟ್ಟಿಗೆ ಕನ್ನಡದ ಕ್ರಿಯಾಪದ ಮತ್ತು ವಿಭಕ್ತಿ ಎಂಬುದು ಕಾಣುತ್ತದೆ. ಬೋರು ಕೊರೆಸಿದರೆ ಬಾವಿ, ಬೋರು ಹೊಡೆದರೆ ಬೇಸರ. ಡಿಕ್ಕಿ ಹೊಡೆದರೆ ಅಪಘಾತ, ಡಿಕ್ಕಿ ತೆರೆದರೆ ಸಾಮಾನಿನ ಪೆಟ್ಟಿಗೆ. ಟಿಫಿನ್ ಮಾಡಿದರೆ ತಿಂಡಿ, ಟಿಫಿನ್ ತೊಳೆದರೆ ಡಬ್ಬಿ. ಕಂಪನಿಗೆ ಹೋದರೆ ಕೆಲಸ, ಕಂಪನಿ ಕೊಟ್ಟರೆ ಒಡನಾಟ, ಕಂಪನಿ ಕಟ್ಟಿದರೆ ನಾಟಕವೋ ವ್ಯಾಪಾರವೋ. ಕ್ರಾಸಿನಲ್ಲಿ ಇಳಿದರೆ ಸ್ಥಳ, ಕ್ರಾಸ್ ಹಸು ಕಟ್ಟಿದರೆ ತಳಿ. ನಾಮಪದದ ದೇಹ ಮಾತ್ರ ಹೊರಗಿನದು. ಅದನ್ನು ಆಳುತ್ತಿರುವ ವಾಕ್ಯ ಕನ್ನಡದ್ದು.

ದೇಹವೂ ಪೂರ್ತಿ ಹೊರಗಿನದಾಗಿ ಉಳಿದಿಲ್ಲ. ಒಂದೇ ಅಕ್ಷರದ ಇಂಗ್ಲಿಷ್ ಪದಗಳು ಕನ್ನಡಕ್ಕೆ ಬಂದಾಗ ಏನಾಗುತ್ತದೆಂದು ನೋಡಿ: ಬಸ್ ಬಸ್ಸಾಗುತ್ತದೆ, ಬುಕ್ ಬುಕ್ಕಾಗುತ್ತದೆ, ಅಂತ್ಯ ವ್ಯಂಜನ ಇಮ್ಮಡಿಸಿ ಉಕಾರ ಸೇರುತ್ತದೆ. ಆದರೆ ಕಾರ್ ಕಾರು, ಗೇಟ್ ಗೇಟು, ಬೋರ್ ಬೋರು, ಇಲ್ಲಿ ಇಮ್ಮಡಿಯಿಲ್ಲ. ಕಾರಣ ನಮಗೆ ಗೊತ್ತಿರುವುದೇ. ಹಳಗನ್ನಡದ ಕಲ್, ಕಣ್ ಎಂಬ ಹ್ರಸ್ವಸ್ವರದ ಪದಗಳು ಕಲ್ಲು, ಕಣ್ಣು ಆದವು. ಕಾಲ್, ಮೀನ್ ಎಂಬ ದೀರ್ಘಸ್ವರದವು ಕಾಲು, ಮೀನು ಆದವು. ಶತಮಾನಗಳ ಹಿಂದೆ ಕಲ್ಲು ಮೀನುಗಳಿಗೆ ಅನ್ವಯಿಸಿದ ನಿಯಮವನ್ನೇ ಬಸ್ಸು ಕಾರುಗಳಿಗೂ ನಾವು ಅರಿವಿಲ್ಲದೆ ಅನ್ವಯಿಸಿದ್ದೇವೆ. 13ನೆಯ ಶತಮಾನದ ಕೇಶಿರಾಜ ಶಬ್ದಮಣಿದರ್ಪಣದ ಅಪಭ್ರಂಶ ಪ್ರಕರಣದಲ್ಲಿ ಸಂಸ್ಕೃತ ಪದಗಳು ಕನ್ನಡದ ಬಾಯಿಗೆ ಒಗ್ಗುವಾಗ ಪಡೆಯುವ ಮಾರ್ಪಾಡುಗಳನ್ನು ಸೂತ್ರೀಕರಿಸಿದ. ನಮ್ಮ ಸೂಳಗಿರಿಯ ಹೆಸರನ್ನು ಶೂಲದಂತೆ ಚೂಪಾದ ಗಿರಿಯೆಂದು ವಿವರಿಸುವಾಗ ನಾವು ನೆಚ್ಚುವುದು ಶಕಾರ ಸಕಾರವಾಗುವ ಅವನ ನಿಯಮವನ್ನೇ. ಆ ಶೂಲವಾದರೂ ಸಂಸ್ಕೃತದಲ್ಲಿ ಆಯುಧವೂ ಹೌದು, ಇರಿಯುವ ನೋವೂ ಹೌದು. ನಾನಾರ್ಥ ನಮ್ಮ ಊರಿನ ಫಲಕದ ಮೇಲೆಯೇ ಇದೆ.

ನಮ್ಮ ಪಾಲಿನ ಕೆಲಸ

ಇದರಿಂದ ಎರಡು ತೀರ್ಮಾನಗಳು ಹೊರಡುತ್ತವೆ. ಮೊದಲನೆಯದು ಓದಿಗೆ ಸಂಬಂಧಿಸಿದ್ದು. ಹಳೆಯ ದಾಖಲೆ, ಹಳೆಯ ಕಾದಂಬರಿ, ಹಳೆಯ ಇಂಗ್ಲಿಷ್ ಕತೆ, ಯಾವುದನ್ನೇ ಓದುವಾಗಲೂ ಪದದ ಅರ್ಥಕ್ಕೆ ಮೊದಲು ಅದರ ಕಾಲವನ್ನು ಕೇಳಬೇಕು. ಕಂಪನಿಯ ಕಾಗದದಲ್ಲಿರುವ ಫ್ಯಾಕ್ಟರಿಯನ್ನು ಇಂದಿನ ಕಾರ್ಖಾನೆಯೆಂದೋ, ರೈಟರನ್ನು ಸಾಹಿತಿಯೆಂದೋ ಓದಿದರೆ ತಪ್ಪಾಗುವುದು ಒಂದು ಪದವಲ್ಲ, ಚರಿತ್ರೆ. ಅಪರಿಚಿತ ಪದ ಎದುರಾದಾಗ ನಾವು ನಿಘಂಟನ್ನು ತೆರೆಯುತ್ತೇವೆ. ಮೋಸ ಮಾಡುವುದು ಪರಿಚಿತ ಪದ.

ಎರಡನೆಯದು ನಮ್ಮ ಮನೆಮಾತಿಗೆ ಸಂಬಂಧಿಸಿದ್ದು. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟು ಮುಖ್ಯವಾಗಿ ಶಾಸನ ಹಾಗೂ ಗ್ರಂಥಗಳ ಪ್ರಯೋಗಗಳನ್ನು ಆಧರಿಸಿದ ಮಹಾಕಾರ್ಯ. ಅದರ ಸಂಪಾದಕತ್ವ ವಹಿಸಿದ್ದ ಜಿ. ವೆಂಕಟಸುಬ್ಬಯ್ಯನವರೇ ಮುಂದೆ 'ಪ್ರಜಾವಾಣಿ'ಯ 'ಇಗೋ ಕನ್ನಡ' ಅಂಕಣದಲ್ಲಿ ಜನಸಾಮಾನ್ಯರು ಕೇಳಿದ ಪದಗಳಿಗೆ ವರ್ಷಗಟ್ಟಲೆ ಉತ್ತರಿಸಿದರು. ಬರೆದ ಪದಕ್ಕೆ ಸಾಕ್ಷಿಯಿರುತ್ತದೆ. ಆಡಿದ ಪದಕ್ಕೆ ಆಡಿದವರೇ ಸಾಕ್ಷಿ. 1956ರ ಭಾಷಾವಾರು ವಿಂಗಡಣೆಯ ಬಳಿಕವೂ ಮದರಾಸು ರಾಜ್ಯದಲ್ಲೇ ಉಳಿದ ಹೊಸೂರು ಸೀಮೆಯ ಕನ್ನಡ ಪುಸ್ತಕಕ್ಕೆ ಬಂದದ್ದು ಅಲ್ಪ. ಇಲ್ಲಿನ ಹಿರಿಯರ ಬಾಯಲ್ಲಿರುವ ಪದಗಳು ಅವರೊಡನೆಯೇ ಹೋಗುತ್ತವೆ. ನಾವೇ ಅವನ್ನು ಬೆರಕೆಯೆಂದು ಪ್ರಬಂಧದಿಂದ ಹೊಡೆದುಹಾಕಿದರೆ ಇನ್ನಾರೂ ಅವನ್ನು ಬರೆದಿಡಲಾರರು.

ಹಾಗೆಂದು ಕಂಡ ಇಂಗ್ಲಿಷ್ ಪದವನ್ನೆಲ್ಲ ಕನ್ನಡವೆಂದು ಒಪ್ಪಬೇಕೆಂದಲ್ಲ. ನಿನ್ನೆ ಬಂದು ಕನ್ನಡದ ಒಳ್ಳೆಯ ಪದವೊಂದನ್ನು ಮೂಲೆಗೆ ತಳ್ಳುವ ಪದ ಬೇರೆ. ತಲೆಮಾರುಗಳ ಕಾಲ ನಮ್ಮ ಪ್ರತ್ಯಯಗಳನ್ನು ಹೊತ್ತು, ನಮ್ಮ ಕ್ರಿಯಾಪದಗಳೊಡನೆ ದುಡಿದು, ಹುಟ್ಟೂರಿನಲ್ಲಿ ಇಲ್ಲದ ಅರ್ಥಗಳನ್ನು ಇಲ್ಲಿ ಗಳಿಸಿದ ಪದ ಬೇರೆ. ಈ ವಿವೇಚನೆಯೇ ಭಾಷೆಯ ವಿದ್ಯಾರ್ಥಿಯ ಲಕ್ಷಣ.

ಈ ರಜೆಯಲ್ಲಿ ಪ್ರತಿಯೊಬ್ಬ ವಿದ್ಯಾರ್ಥಿಯೂ ತಮ್ಮ ಮನೆಯ ಹಿರಿಯರೊಬ್ಬರಿಂದ ಇಂಥ ಹತ್ತು ಪದಗಳನ್ನು ಸಂಗ್ರಹಿಸಬಹುದು. ಪದವನ್ನಷ್ಟೇ ಬರೆದರೆ ಸಾಲದು. ಅವರು ಆಡಿದ ವಾಕ್ಯವನ್ನು ಆಡಿದಂತೆಯೇ ಬರೆಯಬೇಕು. ಏಕೆಂದರೆ ಅರ್ಥ ಅಡಗಿರುವುದು ಜೊತೆಗಿನ ಕ್ರಿಯಾಪದದಲ್ಲಿ. ಹೇಳಿದವರ ವಯಸ್ಸು, ಕಸುಬು, ಊರುಗಳನ್ನು ನಮೂದಿಸಬೇಕು. ಅದೇ ಪದ ತಮಿಳಿನಲ್ಲೋ ತೆಲುಗಿನಲ್ಲೋ ಯಾವ ಅರ್ಥದಲ್ಲಿದೆಯೆಂದು ನೆರೆಯವರನ್ನು ಕೇಳಿ ಪಕ್ಕದಲ್ಲಿ ಬರೆಯಬೇಕು. ಮೂಲ ತಿಳಿಯದಿದ್ದರೆ ಊಹಿಸಿ ತುಂಬದೆ ಆ ಸ್ಥಳವನ್ನು ಖಾಲಿ ಬಿಡಬೇಕು. ಇದಕ್ಕೆ ಬೇಕಾದದ್ದು ಒಂದು ನೋಟುಪುಸ್ತಕ ಮತ್ತು ಹಿರಿಯರ ಬಳಿ ಕುಳಿತುಕೊಳ್ಳುವಷ್ಟು ಬಿಡುವು. ನೋಟು, ಪುಸ್ತಕ ಎಂಬ ಎರಡು ಪದಗಳು ಎಲ್ಲಿಂದ ಬಂದವೆಂಬ ಪ್ರಶ್ನೆಯನ್ನೇ ಆ ಪುಸ್ತಕದ ಮೊದಲ ಪುಟದಲ್ಲಿ ಬರೆದುಕೊಂಡು ಆರಂಭಿಸಬಹುದು.